ಬಾಯಿಗೆ ಜಿಪ್ ಹಾಕಿದ ಕಪ್ಪೆ ಡ್ರೆಸ್ಸು, ಕೌಲ್ ಬಜಾರಿನ ಬೋರ್ಡಿಲ್ಲದ ಟೈಲರ್ (5ಕ್ಕೆ 4)

ಮೊದ್ಲೇ ಹೇಳ್ಬಿಡ್ತೀನಿ, ಈ ಅಂಗಡಿಗೆ ಬೋರ್ಡೂ ಇಲ್ಲ, ಬಿಲ್ ಬುಕ್ಕೂ ಇಲ್ಲ, ಮ್ಯಾಪಲ್ಲಿ ಹುಡುಕಿದ್ರೆ ಪಕ್ಕದ ಟೀ ಅಂಗಡಿ ಬರ್ತೈತೆ. ಬಳ್ಳಾರಿ ಕೌಲ್ ಬಜಾರ್ ಒಳಗೆ ಜೀನ್ಸ್ ಹೊಲಿಯೋ ಮನೆಗಳ ಸಾಲು ಐತಲ್ಲ, ಅದ್ರಲ್ಲಿ ಒಂದು ಶೆಟರು, ಹೊರಗೆ ಕಟಿಂಗ್ ಆಗಿ ಮಿಕ್ಕಿದ ನೀಲಿ ಚಿಂದಿ ಮೂಟೆ ಕಟ್ಟಿಟ್ಟಿರ್ತಾರೆ, ಒಳಗೆ ನಾಕು ಮಿಷಿನ್ನು, ಒಂದು ಓವರ್‌ಲಾಕು, ಒಂದು ಟೇಬಲ್ ಫ್ಯಾನು. ದಿನಾ ಅವ್ರು ಮಾಡೋದು ಜೀನ್ಸ್ ಪ್ಯಾಂಟ್ ಜಾಬ್ ವರ್ಕು, ಪೀಸಿಗಿಷ್ಟು ಅಂತ. ನಾನು ಮಾಡ್ಸಿದ್ದು ಕಪ್ಪೆ. ಈಗ ಭೂಮಿ ಮ್ಯಾಲೆ ಎಲ್ಲೂ ಇಲ್ಲ ಅಂತ ಬರೆದಿಟ್ಟಿರೋ ಒಂದು ಕಪ್ಪೆ. ಹಂಗಾಗಿ ಈ ರಿವ್ಯೂ ಸ್ವಲ್ಪ ಉದ್ದ ಆಗ್ತೈತೆ, ಬರೀ ರೇಟು ಬೇಕಾದವ್ರು ಕೆಳಗೆ ಹೋಗಿ.

ನಮ್ಮ ಹುಡುಗಿ ಮೂರನೇ ಕ್ಲಾಸು. ಸ್ಕೂಲಲ್ಲಿ ಫ್ಯಾನ್ಸಿ ಡ್ರೆಸ್ ಇತ್ತು. ನಾನು ಸುಮ್ನೆ ಒನಕೆ ಓಬವ್ವ ಮಾಡಿಸ್ಬಿಡೋಣ, ಮನೇಲಿ ಇಳಕಲ್ ಸೀರೆ ಐತೆ, ಒನಕೆ ಅತ್ತೆ ಊರಿಂದ ತರಿಸಿದ್ರಾಯ್ತು ಅನ್ಕೊಂಡಿದ್ದೆ. ಇವ್ಳು ಕಪ್ಪೇನೇ ಆಗ್ತೀನಿ ಅಂತ ಹಠ. ಸರಿ ಅಂತ ಬಾಡಿಗೆ ಡ್ರೆಸ್ ಕೊಡೋ ಕಡೆ ಕರ್ಕೊಂಡು ಹೋದೆ, ಅಲ್ಲಿದ್ದಿದ್ದು ಗಿಣಿಹಸಿರು ಸ್ಯಾಟಿನ್ನು, ಕೆಂಪು ತುಟಿ, ತಲೆ ಮ್ಯಾಲೆ ಎರಡು ಟೆನಿಸ್ ಬಾಲು, ದಿನಕ್ಕೆ 300, ಡೆಪಾಸಿಟ್ ಬೇರೆ. ಇವ್ಳು ಮುಖ ತಿರುಗಿಸ್ಬಿಟ್ಳು. "ಅಮ್ಮಾ, ನನ್ನ ಕಪ್ಪೆ ಹಸಿರಿಲ್ಲ. ಅದು ಬೂದಿ ಬಣ್ಣ. ಮತ್ತೆ ಅದ್ರ ಬಾಯಿಂದ ಮರಿ ಬರ್ಬೇಕು."

ಅವಾಗ ನಂಗೆ ಗೊತ್ತಾಯ್ತು ಯಾವ ಕಪ್ಪೆ ಅಂತ, ಯಾಕಂದ್ರೆ ಒಂದು ವಾರದಿಂದ ಮನೇಲಿ ಊಟಕ್ಕೆ ಕೂತ್ರೆ ಅದೇ ಮಾತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿ, ಬ್ಲಾಕಾಲ್, ಕೊನೊಂಡೇಲ್ ಅನ್ನೋ ಬೆಟ್ಟಗಳ ಹೊಳೆಗಳಲ್ಲಿ ಇದ್ದಿದ್ದು. ಇಂಗ್ಲಿಷಲ್ಲಿ ಗ್ಯಾಸ್ಟ್ರಿಕ್ ಬ್ರೂಡಿಂಗ್ ಫ್ರಾಗ್ ಅಂತಾರೆ, ವಿಜ್ಞಾನದ ಹೆಸ್ರು ರಿಯೋಬ್ಯಾಟ್ರಾಕಸ್ ಸೈಲಸ್. ಹೆಣ್ಣು ಕಪ್ಪೆ ಐದು ಸೆಂಟಿಮೀಟರ್, ಅಂದ್ರೆ ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಅದು ತನ್ನ ಮೊಟ್ಟೆ ತಾನೇ ನುಂಗ್ತಿತ್ತು. ತಿನ್ನೋಕಲ್ಲ, ಸಾಕೋಕೆ. ಹೊಟ್ಟೇಲೇ ಮೊಟ್ಟೆ ಒಡೆದು ಗೊದಮೊಟ್ಟೆ ಆಗಿ, ಗೊದಮೊಟ್ಟೆಗೆ ಕಾಲು ಬಂದು ಮರಿ ಆಗೋವರೆಗೂ ಆರು ವಾರದ ಮ್ಯಾಲೆ ಅದು ಒಂದು ಹುಳಾನೂ ತಿಂತಿರ್ಲಿಲ್ಲ, ಹೊಟ್ಟೆ ಎಷ್ಟು ಉಬ್ತಿತ್ತು ಅಂದ್ರೆ ಶ್ವಾಸಕೋಶಕ್ಕೇ ಜಾಗ ಇಲ್ದೆ ಕುಗ್ಗಿ ಹೋಗಿ ಬರೀ ಚರ್ಮದಿಂದ ಉಸಿರಾಡ್ತಿತ್ತು. ಆಮೇಲೆ ಬಾಯಿ ತೆಗೆದ್ರೆ ಮರಿ ಕಪ್ಪೆ ನಾಲಿಗೆ ಮ್ಯಾಲೆ ಬಂದು ಕೂತು ಹೊರಗೆ ಹಾರೋದು.

ನಮ್ಮ ಅತ್ತೆ ಸಿರುಗುಪ್ಪ ಕಡೆಯವ್ರು, ಭತ್ತದ ಗದ್ದೆ ಕಪ್ಪೆ ಕೂಗಲ್ಲೇ ಬೆಳೆದವ್ರು, ಅವ್ರು ಕೇಳಿದ ತಕ್ಷಣ "ಥೂ, ಬಾಯ್ಲಿಂದ ಹಡಿಯೋದಾ, ಎಂಥಾ ಕಾಲ" ಅಂದ್ರು. ಆದ್ರೆ ಯೋಚ್ನೆ ಮಾಡಿ, ನಾವು ಮಕ್ಕಳಿಗೆ ಹೇಳೋದೇನು, ನೀನು ನನ್ನ ಹೊಟ್ಟೇಲಿದ್ದೆ ಅಂತ. ಊಟ ಹೋಗೋದೂ ಹೊಟ್ಟೇನೇ, ಕೂಸಿರೋದೂ ಹೊಟ್ಟೇನೇ, ನಮ್ಮ ಮಾತಲ್ಲಿ ಎರಡಕ್ಕೂ ಒಂದೇ ಪದ. ಇವ್ಳು ಚಿಕ್ಕೋಳಿದ್ದಾಗ "ನೀನು ತಿಂದ ಅನ್ನ ನನ್ನ ತಲೆ ಮ್ಯಾಲೆ ಬೀಳ್ತಿರ್ಲಿಲ್ವಾ" ಅಂತ ಕೇಳಿದ್ಳು, ನಾನು ನಕ್ಕು ಸುಮ್ನಾಗಿದ್ದೆ. ಈಗ ನೋಡಿದ್ರೆ ಆ ಮಾತು ಸುಳ್ಳಲ್ಲದೇ ಇರೋ ಒಂದು ಪ್ರಾಣಿ ಇತ್ತು, ಅದಕ್ಕೇ ಇವ್ಳಿಗೆ ಅದ್ರ ಮ್ಯಾಲೆ ಅಷ್ಟು ಜೀವ.

ಬಾಡಿಗೆ ಕಡೆ ಆಗ್ಲಿಲ್ಲ, ಬ್ಲೌಸ್ ಹೊಲಿಯೋರು ಇಬ್ರು ನಮ್ಮಿಂದಾಗಲ್ಲ ಅಂದ್ರು, ಆಮೇಲೆ ನಮ್ಮ ಮನೆ ಕೆಲ್ಸದಕ್ಕ ಈ ಅಂಗಡಿ ತೋರಿಸಿದ್ಳು. ಹೋದಾಗ ಮಧ್ಯಾಹ್ನ, ಬಳ್ಳಾರಿ ಬಿಸ್ಲು ನಿಮಗೆ ಹೇಳ್ಬೇಕಾ, ಶೆಟರ್ ಮುಟ್ಟಿದ್ರೆ ಕೈ ಸುಡ್ತಿತ್ತು. ಮಾಸ್ಟರಿಗೆ ಐವತ್ತರ ಆಸುಪಾಸು ವಯಸ್ಸು, ಕೊರಳಲ್ಲಿ ಟೇಪು, ಕಿವಿಲಿ ಪೆನ್ಸಿಲ್ಲು. ಕಪ್ಪೆ ಡ್ರೆಸ್ ಅಂದೆ, ತಲೆ ಎತ್ತಲಿಲ್ಲ. ಗ್ಯಾಸ್ಟ್ರಿಕ್ ಕಪ್ಪೆ ಅಂದೆ. ಮಿಷಿನ್ ನಿಲ್ಸಿದ್ರು.

"ಕಪ್ಪೆಗೂ ಗ್ಯಾಸ್ಟ್ರಿಕ್ಕಾ ಅಕ್ಕ? ನಂಗೂ ಐತೆ, ದಿನಾ ಬೆಳಿಗ್ಗೆ ಮಾತ್ರೆ."

ಅಲ್ಲಿಂದ ಶುರು ಆಯ್ತು ನೋಡಿ. ನನ್ನ ಮಗಳು ಸ್ಟೂಲ್ ಹತ್ತಿ ಕೂತು ಫುಲ್ ಪಾಠ ಮಾಡಿದ್ಳು. ಮಾಮಾ, ಅದಕ್ಕೆ ಗ್ಯಾಸ್ಟ್ರಿಕ್ ಆಗಲ್ಲ, ಅದು ಹೊಟ್ಟೆ ಆಸಿಡ್ಡನ್ನೇ ಬಂದ್ ಮಾಡ್ತೈತೆ, ಇಲ್ಲಾಂದ್ರೆ ಮರಿ ಕರಗಿ ಹೋಗ್ತಾವೆ ಅಂತ. ನಿಜಾನೇ ಅದು. ಮೊಟ್ಟೆ ಸುತ್ತ ಇರೋ ಲೋಳೆಲಿ ಪ್ರೋಸ್ಟಾಗ್ಲಾಂಡಿನ್ ಇ2 ಅನ್ನೋ ವಸ್ತು ಇತ್ತಂತೆ, ಅದು ಹೊಟ್ಟೆಗೆ ಆಸಿಡ್ ಬಿಡ್ಬೇಡ ಅಂತ ಹೇಳ್ತಿತ್ತು, ಆಮೇಲೆ ಗೊದಮೊಟ್ಟೆಗಳೂ ಕಿವಿರಿಂದ ಅದನ್ನೇ ಬಿಡ್ತಿದ್ವು. ಹೊಟ್ಟೆ ಹುಣ್ಣಿಗೆ, ಅಂದ್ರೆ ಅಲ್ಸರಿಗೆ, ಇದ್ರಿಂದ ಏನಾದ್ರೂ ದಾರಿ ಸಿಗಬಹುದು ಅಂತ ವಿಜ್ಞಾನಿಗಳು ಕೆಲ್ಸ ಶುರು ಮಾಡಿದ್ರು. ಅಷ್ಟ್ರಲ್ಲಿ ಕಪ್ಪೇನೇ ಇಲ್ಲ. ಮಾಸ್ಟರ್ ಎಷ್ಟು ಬೇಜಾರ್ ಮಾಡ್ಕೊಂಡ್ರು ಅಂದ್ರೆ, ಅವ್ರ ಸ್ವಂತ ಮಾತ್ರೆ ಯಾರೋ ಕಸ್ಕೊಂಡಂಗೆ.

"ಇಲ್ಲ ಅಂದ್ರೆ? ಬೇಸಿಗೆ ಅಂತ ಮಣ್ಣಾಗೆ ಇಳಿದಿರ್ಬೋದು. ನಮ್ಮ ಕಡೆ ಕಪ್ಪೆ ಏನ್ ಬೇಸಿಗೇಲಿ ಕಾಣ್ತಾವಾ? ಒಂದು ಮಳೆ ಬೀಳ್ಲಿ, ಎಲ್ಲಿಂದ್ಲೋ ಬಂದು ರಾತ್ರಿಯೆಲ್ಲಾ ಒದರ್ತಾವೆ."

ಮಾತು ಸರೀನೇ, ನಮ್ಮ ಕೆಂಪು ಮಣ್ಣಲ್ಲಿ ಮುಕ್ಕಾಲು ವರ್ಷ ಹೂತ್ಕೊಂಡು ಇರೋ ಕಪ್ಪೆಗಳವೆ. ಅಲ್ಲೂ ಮೊದಮೊದ್ಲು ಜನ ಹಂಗೇ ಅನ್ಕೊಂಡ್ರೇನೋ. 1973ರಲ್ಲಿ ಆ ಕಪ್ಪೆಗೆ ವಿಜ್ಞಾನದ ಹೆಸ್ರು ಇಟ್ರು, 1974ರಲ್ಲಿ ಅದ್ರ ಹೊಟ್ಟೆ ವಿಷ್ಯ ಪ್ರಪಂಚಕ್ಕೆಲ್ಲ ಗೊತ್ತಾಯ್ತು, 1981ರ ನಂತರ ಕಾಡಲ್ಲಿ ಒಂದೂ ಕಂಡಿಲ್ಲ, ಸಾಕಿದ್ದ ಕೊನೇದು 1983ರಲ್ಲಿ ಸತ್ತೋಯ್ತು. ಹತ್ತೇ ವರ್ಷ. ಆಮೇಲೆ 1984ರಲ್ಲಿ ಇನ್ನೂ ಉತ್ತರಕ್ಕೆ ಯುಂಗೆಲ್ಲಾ ಅನ್ನೋ ಕಾಡಲ್ಲಿ ಇದ್ರ ದಾಯಾದಿ ಇನ್ನೊಂದು ಜಾತಿ ಸಿಕ್ತು, ಅದೂ ಹೊಟ್ಟೇಲೇ ಮರಿ ಸಾಕೋದು, ಅಬ್ಬಾ ಒಂದಾದ್ರೂ ಉಳೀತು ಅನ್ನೋಷ್ಟ್ರಲ್ಲಿ 1985ಕ್ಕೆ ಅದೂ ಮಾಯ. ನಾನು ಹುಟ್ಟಿದ್ದು 1985. ಅಂದ್ರೆ ನಾನು ತೊಟ್ಲಲ್ಲಿದ್ದಾಗ ಹೋಗಿದ್ದು, ಡೈನೋಸಾರ್ ಕಾಲದ್ದೇನಲ್ಲ. ಇದನ್ನ ಹೇಳಿದ್ಮೇಲೆ ಮಾಸ್ಟರ್ "ಯಾರು ಹೊಡೆದ್ರು" ಅಂತ ಕೇಳಿದ್ರು. ಯಾರೂ ಹೊಡೆದಿಲ್ಲ, ಕೈಟ್ರಿಡ್ ಅನ್ನೋ ಫಂಗಸ್ ಮ್ಯಾಲೆ ಎಲ್ರಿಗೂ ಅನುಮಾನ, ಅದು ಕಪ್ಪೆ ಚರ್ಮಕ್ಕೆ ಹತ್ತುತ್ತೆ, ಕಪ್ಪೆಗೆ ಚರ್ಮ ಅಂದ್ರೆ ಉಸಿರು ನೀರು ಉಪ್ಪು ಎಲ್ಲಾ ಅದ್ರಲ್ಲೇ, ಅದು ಕೆಟ್ರೆ ಕೊನೆಗೆ ಹೃದಯ ನಿಂತೋಗ್ತೈತೆ. ಆದ್ರೆ ಆ ಫಂಗಸ್ ಗುರ್ತು ಸಿಕ್ಕಿದ್ದೇ 1998ರಲ್ಲಿ. ಅಷ್ಟೊತ್ತಿಗೆ ಆ ಎರಡನೇ ಜಾತಿ ಹೋಗೀನೇ ಹದಿಮೂರು ವರ್ಷ ಆಗಿತ್ತು, ಹಂಗಾಗಿ ಇದೇ ಕಾರಣ ಅಂತ ಗಟ್ಟಿಯಾಗಿ ಹೇಳೋಕೆ ಬರಲ್ಲ, ಮರ ಕಡಿದಿದ್ದು, ಕಾಡುಹಂದಿ ಹೊಳೆದಂಡೆ ಕೆಡಿಸಿದ್ದು ಅವೂ ಲಿಸ್ಟಲ್ಲಿವೆ.

ಸರಿ, ಡ್ರೆಸ್ಸಿಗೆ ಬರ್ತೀನಿ. ಇಲ್ಲಿ ಮಾಸ್ಟರ್ ಕೈಗೆ ನಾನು ಶರಣು.

ಬಟ್ಟೆಗೆ ನಾನು ಬೂದಿ ಬಣ್ಣದ್ದು ಎಲ್ಲಿ ತರ್ಲಿ ಅಂತ ಇದ್ದೆ, ಅವ್ರು ಮೂಲೆಗೆ ಹೋಗಿ ಒಂದು ರಿಜೆಕ್ಟ್ ಆಗಿರೋ ಆಸಿಡ್ ವಾಶ್ ಪೀಸ್ ಎಳೆದು ತಂದ್ರು. ಬೂದಿ ಮ್ಯಾಲೆ ಕಪ್ಪು ಮಚ್ಚೆ, ಬಿಳಿ ಮಚ್ಚೆ, ಫೋಟೋ ಪಕ್ಕ ಹಿಡಿದ್ರೆ ಥೇಟ್ ಅದೇ ಕಪ್ಪೆ ಬೆನ್ನು. ಆಸಿಡ್ ಬಂದ್ ಮಾಡೋ ಕಪ್ಪೆಗೆ ಆಸಿಡ್ ವಾಶ್ ಬಟ್ಟೆ! (ಹೆಸ್ರಿಗಷ್ಟೇ ಆಸಿಡ್ಡಂತೆ, ಒಳಗೆ ಕಲ್ಲು ಮತ್ತೆ ಬ್ಲೀಚ್ ಹಾಕಿ ತಿರುಗ್ಸೋದಂತೆ, ಅದೂ ಅವ್ರೇ ಹೇಳಿದ್ದು.) ಹೊಟ್ಟೆ ಭಾಗಕ್ಕೆ ಪ್ಯಾಂಟ್ ಜೇಬಿಗೆ ಹಾಕ್ತಾರಲ್ಲ ಆ ಕೆನೆ ಬಣ್ಣದ ಕಾಟನ್ನು. ಆ ಕಪ್ಪೆ ಹೊಟ್ಟೇನೂ ಕೆನೆ ಬಣ್ಣ. ಕುತ್ತಿಗೆ ಹತ್ರ ಅಡ್ಡಕ್ಕೆ ಒಂದು ಹಿತ್ತಾಳೆ ಜಿಪ್ಪು, ಅದು ಬಾಯಿ. ಜಿಪ್ಪಿಂದ ಒಳಗೆ ನೇರ ಒಂದು ದೊಡ್ಡ ಜೇಬು, ಡಬಲ್ ಅಸ್ತರು, ಅದು ಹೊಟ್ಟೆ. ಮರಿಗಳು ಒಳಗಿದ್ದಾಗ ಹೊಟ್ಟೆ ಉಬ್ಬಿ ಕಾಣ್ಬೇಕು, ಹೊರಗೆ ಬಂದ್ಮೇಲೆ ಇಳೀಬೇಕು ಅಂತ ಮಗಳು ಹೇಳಿದ್ದಕ್ಕೆ ಎರಡು ಕಡೆ ಪ್ಲೀಟ್ ಕೊಟ್ಟಿದಾರೆ. ಯಾವ ಡಿಸೈನರಿಗೂ ಹೊಳೀತಿರ್ಲಿಲ್ಲ ಇದು, ನಂಗಂತೂ ಹೊಳೀತಿರ್ಲಿಲ್ಲ.

ಮರಿ ಎಷ್ಟು ಬೇಕು ಅನ್ನೋದ್ರ ಮ್ಯಾಲೆ ಅರ್ಧ ಗಂಟೆ ಚರ್ಚೆ. ಹೆಣ್ಣಿನ ಒಳಗೆ ಮೊಟ್ಟೆ ಸುಮಾರು 40 ಇರ್ತಿದ್ವಂತೆ, ಹೊಟ್ಟೇಲಿ ಸಿಕ್ಕಿರೋ ಮರಿ ಮಾತ್ರ 21ರಿಂದ 26. ಮಾಸ್ಟರ್ ಲೆಕ್ಕ ಹಾಕಿ "40 ಕಟ್ ಮಾಡಿ 25 ಪೀಸ್ ಡೆಲಿವರಿ ಅಂದ್ರೆ ವೇಸ್ಟೇಜ್ ಭಾಳ ಆಯ್ತಲ್ಲ ಅಕ್ಕ, ನಮ್ಮ ಪಾರ್ಟಿ ಆಗಿದ್ರೆ ದುಡ್ಡು ಕಟ್ ಮಾಡ್ತಿದ್ರು" ಅಂದ್ರು. ಮೊದ್ಲು ನುಂಗಿದ ಮೊಟ್ಟೆ ಆಸಿಡ್ ನಿಲ್ಲೋಕಿಂತ ಮುಂಚೇನೇ ಜೀರ್ಣ ಆಗಿರ್ಬೋದು ಅಂತ ಒಂದು ಅಂದಾಜು ಐತೆ, ಅದನ್ನ ಹೇಳಿದ್ಮೇಲೆ ಒಪ್ಕೊಂಡ್ರು. 25 ಮರಿ, ಚಿಂದಿ ತುಂಬಿ ಹೊಲಿದಿದ್ದು, ಕಣ್ಣಿಗೆ ಪ್ಯಾಂಟ್ ಜೇಬಿನ ಮೂಲೆಗೆ ಹೊಡಿತಾರಲ್ಲ ಆ ಸಣ್ಣ ತಾಮ್ರದ ರಿವೆಟ್ಟು. ಒಂದೊಂದು ಮರೀದು ಒಂದೊಂದು ಮುಖ.

ಇನ್ನು ತಪ್ಪುಗಳು. ಮೊದಲ್ನೇ ಟ್ರಯಲ್‌ಗೆ ಹೋದಾಗ ಕೈಬೆರಳಿಗೂ ಕಾಲ್ಬೆರಳಿಗೂ ಎರಡಕ್ಕೂ ಬಾತುಕೋಳಿ ಥರ ಪೊರೆ ಹೊಲಿದಿಟ್ಟಿದ್ರು. ಈ ಕಪ್ಪೆಗೆ ಕಾಲಲ್ಲಿ ಮಾತ್ರ ಪೊರೆ, ಕೈಲಿ ಇಲ್ಲ. ಮಗಳು ಬಿಡ್ಲೇ ಇಲ್ಲ, ಕೈದು ಬಿಚ್ಚಿಸಿದ್ಳು. ಬಿಚ್ಚಿದ ದಾರದ ಗುರ್ತು ಈಗ್ಲೂ ಕಾಣ್ತೈತೆ, ನೋಡೋರಿಗೆ ಕಾಣಲ್ಲ, ನಂಗೆ ಕಾಣ್ತೈತೆ. ಎರಡನೇದು, ಗುರುವಾರ ಕೊಡ್ತೀನಿ ಅಂದಿದ್ದು ಶುಕ್ರವಾರ ಅಂದ್ರು, ಶುಕ್ರವಾರ ಹೋದ್ರೆ ಶೆಟರ್ ಅರ್ಧ ಇಳಿದಿತ್ತು, ನಮಾಜಿಗೆ ಹೋಗಿದ್ರು, ಕಾದೆ, ಬಂದ್ರು, ರಾತ್ರಿ ಎಂಟಕ್ಕೆ ಅಂದ್ರು, ಎಂಟಕ್ಕೆ ಕರೆಂಟ್ ಇಲ್ಲ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಲಲ್ಲಿ ಪ್ರೋಗ್ರಾಂ, ಡ್ರೆಸ್ ಕೈಗೆ ಬಂದಿದ್ದು ಎಂಟು ಹತ್ತಕ್ಕೆ. ನಾನು ಬಾಯಿಗೆ ಬಂದಂಗೆ ಬೈದೆ. ಮಾಸ್ಟರ್ ಕೈ ಮುಗಿದು "ಲೇಟಾಯ್ತು ಅಕ್ಕ, ಹೊಟ್ಟೆಗೆ ಹಾಕ್ಕೊಳ್ಳಿ" ಅಂದ್ರು. ನನ್ನ ಮಗಳು ಪಕ್ಕದಲ್ಲಿ ಮರಿಗಳನ್ನ ಒಂದೊಂದಾಗಿ ಜಿಪ್ಪೊಳಗೆ ತುರುಕ್ತಾ "ನಾನು ಹಾಕ್ಕೊಂಡೆ ಮಾಮಾ" ಅಂದ್ಳು. ಬೈಯೋಕೆ ಬಾಯೇ ಬರ್ಲಿಲ್ಲ ಆಮೇಲೆ.

ಎಣಿಸಿದ್ರೆ 23 ಮರಿ. ಎರಡು ಕಮ್ಮಿ. ಟೈಮಿರ್ಲಿಲ್ಲ, 21ರ ಮ್ಯಾಲೆ ಐತಲ್ಲ ನಡೀತೈತೆ ಅಂತ ಆಟೋ ಹತ್ತಿದ್ವಿ.

ಮೂರನೇ ತಪ್ಪು ದೊಡ್ಡದು, ಜೀನ್ಸ್ ಬಟ್ಟೆ, ಒಳಗೆ ಅಸ್ತರು, ಮ್ಯಾಲೆ ಚಿಂದಿ ಮರಿಗಳು, ಮಗು ಬೆವತು ಹೋಯ್ತು. ಸ್ಟೇಜ್ ಪಕ್ಕ ಕೂತು ರಟ್ಟಲ್ಲಿ ಗಾಳಿ ಹಾಕ್ದೆ. ಬೇಸಿಗೇಲಿ ಇವ್ರ ಹತ್ರ ಮಕ್ಕಳ ಡ್ರೆಸ್ ಮಾಡಿಸೋರು ತೆಳು ಬಟ್ಟೆ ನೀವೇ ತಗೊಂಡು ಹೋಗಿ, ಅವ್ರಿಗೆ ಗೊತ್ತಿರೋದು ಜೀನ್ಸ್ ಒಂದೇ.

ಸ್ಟೇಜ್ ವಿಷ್ಯ ಹೇಳ್ಲೇಬೇಕು. ಪ್ಲಾನ್ ಏನಿತ್ತು ಅಂದ್ರೆ ಜಿಪ್ ಸ್ವಲ್ಪ ತೆಗೆದು ಒಂದು ಮರಿ, ಎರಡು ಮಾತು, ಇನ್ನೊಂದು ಮರಿ, ಮತ್ತೆರಡು ಮಾತು, ಹಂಗೆ ನಿಧಾನ. ಯಾಕಂದ್ರೆ ನಿಜವಾದ ಕಪ್ಪೇನೂ ಹಂಗೇ, ಒಂದೇ ಸಲ ಅಲ್ಲ, ಕೆಲವು ಸಲ ಒಂದು ವಾರದವರೆಗೂ ಬಿಟ್ಟು ಬಿಟ್ಟು ಮರಿ ಹೊರಗೆ ಕಳಿಸ್ತಿತ್ತು. ಇವ್ಳಿಗಿಂತ ಮುಂಚೆ ಇಬ್ರು ಓಬವ್ವ, ಒಬ್ಬ ಟ್ರಾಫಿಕ್ ಪೊಲೀಸ್, ಒಂದು ಟೊಮೆಟೊ ಬಂದು ಹೋದ್ವು. ಇವ್ಳು ಬಂದ್ಳು, ಮೈಕ್ ಮುಂದೆ ನಿಂತ್ಳು, ರನ್ನರ್ ಎಳೆದ್ಳು, ಬರ್ಲಿಲ್ಲ. ಇನ್ನೊಂದ್ಸಲ ಎಳೆದ್ಳು, ಅಸ್ತರಿನ ದಾರಕ್ಕೆ ಸಿಕ್ಕಾಕೊಂಡಿತ್ತು. ಜನ ನಗೋಕೆ ಶುರು ಮಾಡಿದ್ರು, ನನ್ನ ಎದೆ ಡವಡವ, ಇವ್ಳು ಎರಡೂ ಕೈಲಿ ಹಿಡಿದು ಜೋರಾಗಿ ಜಗ್ಗಿದ್ಳು ನೋಡಿ, ಪರ್ ಅಂತ ಪೂರ್ತಿ ಬಿಚ್ಕೊಂಡು 23 ಮರಿನೂ ಒಂದೇ ಸಲ ಸ್ಟೇಜ್ ಮ್ಯಾಲೆಲ್ಲಾ ಚೆಲ್ಲಾಪಿಲ್ಲಿ. ನಾನು ಮುಗೀತು ಅನ್ಕೊಂಡೆ, ಅಳ್ತಾಳೆ ಈಗ ಅಂತ. ಇವ್ಳು ಮೈಕಿಗೆ ಬಾಯಿಟ್ಟು "ಹೆದ್ರಿಸಿದ್ರೆ ಈ ಕಪ್ಪೆ ಎಲ್ಲಾ ಮರಿನೂ ಒಂದೇ ಸಲ ಕಕ್ಕಿಬಿಡ್ತೈತೆ, ನೀವು ನಕ್ಕು ಹೆದ್ರಿಸಿದ್ರಿ" ಅಂದ್ಳು. ಅದೂ ನಿಜಾನೇ! ಗಾಬರಿ ಆದ್ರೆ ಆ ಕಪ್ಪೆ ಹಂಗೇ ಮಾಡ್ತಿತ್ತು. ನಾನೇ ಮರ್ತಿದ್ದೆ, ಅವ್ಳಿಗೆ ನೆನಪಿತ್ತು. ಹಾಲ್ ಎಲ್ಲಾ ಚಪ್ಪಾಳೆ. ಪ್ರೈಜ್ ಮಾತ್ರ ಎರಡನೇ ಓಬವ್ವಗೆ ಹೋಯ್ತು, ಇರ್ಲಿ, ಆ ಹುಡುಗಿ ಒನಕೆ ಚೆನ್ನಾಗಿ ಬೀಸಿದ್ಳು. ಜಡ್ಜ್ ಒಬ್ರು ಕಪ್ಪೆ ಹಸಿರು ಬಣ್ಣ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಂದ್ರು. ನಾನು ಏನೂ ಅನ್ಲಿಲ್ಲ.

ಜಿಪ್ ಸಿಕ್ಕಾಕೊಂಡಿದ್ದು ಹೊಲಿಗೆ ತಪ್ಪೇ, ಅದಕ್ಕೇ ಒಂದು ಸ್ಟಾರ್ ಕಟ್. ಸೋಮವಾರ ತಗೊಂಡು ಹೋಗಿ ತೋರಿಸ್ದೆ, ದುಡ್ಡಿಲ್ದೆ ರಿಪೇರಿ ಮಾಡಿಕೊಟ್ರು, ಅಸ್ತರನ್ನ ಒಳಗೆ ಮಡಚಿ ಇನ್ನೊಂದು ಹೊಲಿಗೆ ಹಾಕಿದಾರೆ, ಈಗ ಬೆಣ್ಣೆ ಥರ ಓಡ್ತೈತೆ. ಸ್ಟೇಜ್ ಕಥೆ ಪೂರ್ತಿ ಕೇಳಿ, ಇನ್ನೊಂದ್ಸಲ ಹೇಳು ಅಂತ ಮಗಳ ಹತ್ರ ಹೇಳ್ಸಿ, ಪಕ್ಕದ ಮಿಷಿನ್ ಹುಡುಗ್ರನ್ನೂ ಕರೆದು ಕೇಳ್ಸಿದ್ರು. ಆಮೇಲೆ ಮಿರ್ಚಿ ತರಿಸಿದ್ರು. ಗ್ಯಾಸ್ಟ್ರಿಕ್ ಮಾಸ್ಟರ್ ಅಂದೆ. ಒಂದು ತಿಂದ್ರೆ ಏನಾಗಲ್ಲ ಅಕ್ಕ ಅಂತ ಮೂರು ತಿಂದ್ರು.

ಅವತ್ತೂ ಅದೇ ಪ್ರಶ್ನೆ ಕೇಳಿದ್ರು, ಮತ್ತೆ ಬರೋದೇ ಇಲ್ವಾ ಅದು ಅಂತ. 2013ರಲ್ಲಿ ಆಸ್ಟ್ರೇಲಿಯಾ ವಿಜ್ಞಾನಿಗಳು 1970ರ ದಶಕದಿಂದ ಫ್ರೀಜರಲ್ಲಿಟ್ಟಿದ್ದ ಈ ಕಪ್ಪೆ ಜೀವಕೋಶ ತೆಗೆದು ಬೇರೆ ಜಾತಿ ಕಪ್ಪೆ ಮೊಟ್ಟೆಗೆ ಹಾಕಿ ನೋಡಿದ್ರು, ಭ್ರೂಣ ಆಗಿ ಕೆಲವು ದಿನ ಬದುಕಿತ್ತು, ಗೊದಮೊಟ್ಟೆ ಆಗೋವರೆಗೆ ಬರ್ಲಿಲ್ಲ. ಮಗಳಿಗೆ ಅದ್ರಲ್ಲಿ ಇಂಟ್ರೆಸ್ಟ್ ಇಲ್ಲ, ಅವ್ಳದ್ದು ಬೇರೆ ವಾದ, ಇಸ್ರೇಲಲ್ಲಿ ಹೂಲಾ ಅನ್ನೋ ಜೌಗು ನೆಲದ ಒಂದು ಕಪ್ಪೆ ಇತ್ತು, ಜೌಗು ಒಣಗಿಸಿದ್ಮೇಲೆ ಕಾಣ್ಲಿಲ್ಲ, 1996ರಲ್ಲಿ ಅಳಿದು ಹೋಯ್ತು ಅಂತ ಘೋಷಣೆ ಮಾಡಿದ್ರು, 2011ರಲ್ಲಿ ಎದ್ದು ಬಂತು. ನಮ್ಮ ಪಶ್ಚಿಮ ಘಟ್ಟದಲ್ಲೂ 136 ವರ್ಷ ಕಾಣದೇ ಇದ್ದ ಒಂದು ಹಸಿರು ಮರಗಪ್ಪೆ ಮತ್ತೆ ಸಿಕ್ತು ಅಂತ 2011ರಲ್ಲೇ ಸುದ್ದಿ ಬಂತು. ಹಂಗಾಗಿ ನನ್ನದೂ ಎಲ್ಲೋ ಕಲ್ಲಡಿ ಐತೆ ಅಂತಾಳೆ. ಅಲ್ಲಿನವ್ರು ಹುಡುಕೋದನ್ನ ಕಮ್ಮಿ ಏನೂ ಮಾಡಿಲ್ಲ ಅಂತ ನಾನು ಹೇಳೋಕೆ ಹೋದೆ, ಮಾಸ್ಟರ್ ನನ್ನ ಕಡೆ ನೋಡಿ ಬ್ಯಾಡ ಅನ್ನೋ ಥರ ತಲೆ ಆಡ್ಸಿದ್ರು. ಸುಮ್ನಾದೆ.

ರೇಟು: ಹೊಲಿಗೆ 850, ಮರಿಗಳಿಗೆ ಬೇರೆ 200, ಬಟ್ಟೆಗೆ ದುಡ್ಡು ತಗೊಳ್ಲಿಲ್ಲ, ರಿಜೆಕ್ಟ್ ಪೀಸಿಗೆ ಏನು ದುಡ್ಡು ಅಂದ್ರು. ಅಡ್ವಾನ್ಸ್ ಅರ್ಧ ಕೊಡ್ಬೇಕು, ಫೋನ್ ಪೇ ನಡೀತೈತೆ. ಹೇಳಿದ ದಿನಕ್ಕಿಂತ ಎರಡು ದಿನ ಮುಂಚೆ ಬೇಕು ಅಂತ ಸುಳ್ಳು ಹೇಳಿ, ಸರಿಯಾಗಿ ಕೈಗೆ ಸಿಗ್ತೈತೆ. ಶುಕ್ರವಾರ ಮಧ್ಯಾಹ್ನ ಹೋಗ್ಬೇಡಿ. ಪ್ಯಾಂಟ್ ಉದ್ದ ಕಟ್ ಮಾಡೋದು, ಜಿಪ್ ಬದಲಿಸೋದು, ಸ್ಕೂಲ್ ಬ್ಯಾಗ್ ರಿಪೇರಿ ಎಲ್ಲಾ ನಿಂತಲ್ಲೇ ಮಾಡಿಕೊಡ್ತಾರೆ. ಬ್ಲೌಸ್ ಮಾತ್ರ ಕೊಡ್ಬೇಡಿ, ನನ್ನ ತಂಗಿ ಕೊಟ್ಟಿದ್ಳು, ತೋಳು ಪ್ಯಾಂಟ್ ಕಾಲಿನಂಗೆ ಬಂತು.

ಡ್ರೆಸ್ ಈಗ ನಮ್ಮ ಬೀರುವಲ್ಲಿ ಐತೆ, ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಆಗ್ತೈತೆ, ಯಾರಿಗಾದ್ರೂ ಬೇಕಿದ್ರೆ ಬಾಡಿಗೆ ಬ್ಯಾಡ, ತೊಳೆದು ವಾಪಸ್ ಕೊಡಿ ಸಾಕು. ಮರಿ ಎಣಿಸಿ ಕೊಡ್ತೀನಿ, ಎಣಿಸಿ ತಗೊಳ್ತೀನಿ. ಕಮ್ಮಿ ಬಿದ್ದಿದ್ದ ಎರಡು ಮರಿ ಆಮೇಲೆ ಮಿಷಿನ್ ಪೆಡಲ್ ಕೆಳಗೆ ಸಿಕ್ವಂತೆ, ಮಾಸ್ಟರ್ ವಾಪಸ್ ಕೊಡ್ಲಿಲ್ಲ, ದಾರದ ಸ್ಟ್ಯಾಂಡಿಗೆ ನೇತು ಹಾಕಿದಾರೆ, ಮಾತ್ರೆ ಶೀಟ್ ಇಡೋ ಡಬ್ಬಿ ಪಕ್ಕ. ಅಂಗಡಿ ಗುರ್ತು ಸಿಗದಿದ್ರೆ ಆ ಸಾಲಲ್ಲಿ ಯಾರನ್ನಾದ್ರೂ ಗ್ಯಾಸ್ಟ್ರಿಕ್ ಕಪ್ಪೆ ಮಾಸ್ಟರ್ ಎಲ್ಲಿ ಅಂತ ಕೇಳಿ, ತೋರಿಸ್ತಾರೆ.